ಹಲ್ಲು ಕೀಳಲು ಶಿಫಾರಸು ಪತ್ರ

ಏಕಾಂತಪ್ಪನ ಮುಂದಿನ ಹಲ್ಲು ಬಂದು ಬಿದ್ದದ್ದು ನನ್ನ ಸಮಾಳದ ಮೇಲೆ. ಸಾಕ್ಷಿ ಬೇಕೆಂದರೆ ಉಜ್ಜಿನಿಯಲ್ಲಿ ಒಂದಿಡೀ ಓಣಿಯೇ ಇದೆ, ಹೋಗಿ ಕೇಳಬಹುದು.

ಅಲ್ಲಿ ಒಬ್ಬರ ಮನೆಯಲ್ಲಿ ಮದುವೆ, ಮದುವೆಗೆ ಗುಗ್ಗುಳ, ಅಂದರೆ ವೀರಭದ್ರನ ಹೆಸರಿನ ಮೆರವಣಿಗೆ. ಏಕಾಂತಪ್ಪ ಪುರವಂತ. ಕಾವಿ ತೊಟ್ಟು, ಕೈಯಲ್ಲಿ ಕತ್ತಿ ಹಿಡಿದು, ವೀರಭದ್ರನ ಸ್ತುತಿಯ ಒಡಪು ಹೇಳುತ್ತ ಮೆರವಣಿಗೆಯ ಮುಂದೆ ಕುಣಿಯುವವನು. ನಾನು ಪಾಲಾಕ್ಷಪ್ಪ, ಅವನ ಪಕ್ಕದಲ್ಲಿ ಸೊಂಟಕ್ಕೆ ಸಮಾಳ ಕಟ್ಟಿಕೊಂಡು ಬಾರಿಸುವವನು. ಉಳಿದ ದಿನಗಳಲ್ಲಿ ಅವನು ಕೊಟ್ಟೂರಿನಲ್ಲಿ ಟೇಲರ್, ನಾನು ಅವನ ಅಂಗಡಿಗೆ ಹೊಂದಿಕೊಂಡಂತೆ ಹಿಟ್ಟಿನ ಗಿರಣಿ ಇಟ್ಟವನು. ಅಂದು ದಕ್ಷನ ತಲೆ ಕಡಿಯುವ ಘಟ್ಟ ಬಂತು. ಏಕಾಂತಪ್ಪ ಕತ್ತಿ ಬೀಸಿ "ಅಹಹಾ ರುದ್ರಾ!" ಎಂದು ಗರ್ಜಿಸಿದ. ದಕ್ಷನ ತಲೆ ಹೋಗುವುದಕ್ಕೆ ಮೊದಲೇ ಇವನ ಹಲ್ಲು ಹೋಯಿತು. ಅದು ಸಮಾಳದ ಮೇಲೆ ಟಣ್ಣನೆ ಬಿದ್ದು, ಪುಟಿದು, ಮುಂದೆ ಕೂತಿದ್ದ ಒಬ್ಬ ಅಜ್ಜಿಯ ಉಡಿ ಸೇರಿತು. ಆಕೆ ಪಾಪ, ಪ್ರಸಾದವೆಂದು ತಿಳಿದು ಕಣ್ಣಿಗೊತ್ತಿಕೊಂಡಳು.

ಹಲ್ಲು ಹೋದದ್ದು ಹೋಯಿತು, ಆಮೇಲಿನದ್ದು ಹೆಚ್ಚಿನ ಅನಾಹುತ. ಉಳಿದ ಒಡಪಿನಲ್ಲಿ ಸಕಾರ ಬಂದಲ್ಲೆಲ್ಲ ಸೀಟಿ ಹೊಡೆಯಿತು. ಓಣಿಯ ಹುಡುಗರು ತಿರುಗಿ ಸೀಟಿ ಹೊಡೆದರು. ವೀರಭದ್ರನ ಆರ್ಭಟಕ್ಕೆ ಹೀಗೆ ಸೀಟಿ ಕೂಡಿದ್ದು ನಾನು ಕಂಡಂತೆ ಅದೇ ಮೊದಲು.

ಬಸ್ಸಿನಲ್ಲಿ ಬರುವಾಗ ಅವನು ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದ. ಕೊಟ್ಟೂರು ಹತ್ತಿರ ಬಂದಾಗ ಮೆಲ್ಲಗೆ ಹೇಳಿದ:

"ಲೇ ಪಾಲಾಕ್ಷ, ಇನ್ನ ಎರಡು ಹಲ್ಲು ಅಳ್ಳಾಡಾಕತ್ಯಾವ. ಹಿಂದಿನ ದವಡಿ ಹಲ್ಲಂತೂ ಜೀವಾ ತಿನ್ನಾಕತ್ತೈತಿ. ಗೀತಾನ ಗುಗ್ಗುಳಕ್ಕ ಏನ್ ಮಾಡ್ಲಿ?"

ಗೀತಾ ಎಂದರೆ ಗೀತಾಂಜಲಿ, ಅವನ ಒಬ್ಬಳೇ ಮಗಳು. ಅವಳ ಮದುವೆ ಹರಪನಹಳ್ಳಿಯ ಚೌಡಣ್ಣನ ಮಗನೊಂದಿಗೆ ಗೊತ್ತಾಗಿತ್ತು. ಅದಕ್ಕೆ ಇನ್ನೂ ಐದು ತಿಂಗಳಿತ್ತು. ಅವಳು ಐದು ವರ್ಷದವಳಿದ್ದಾಗಲೇ "ಅಪ್ಪಾ, ನನ್ನ ಲಗ್ನಕ್ಕ ನೀನ ಒಡಪು ಹೇಳಬೇಕು" ಎಂದು ಕೈ ಮೇಲೆ ಕೈ ಹಾಕಿಸಿಕೊಂಡಿದ್ದಳು. ಇವನೂ ಮಾತು ಕೊಟ್ಟಿದ್ದ. ಈಗ ಸುದ್ದಿ ನಮ್ಮ ಬಸ್ಸಿಗಿಂತ ಮೊದಲೇ ಹರಪನಹಳ್ಳಿ ಮುಟ್ಟಿತ್ತು. ಮರುದಿನವೇ ಬೀಗ ಚೌಡಣ್ಣ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, "ಬೀಗರ, ನೀವೇನೂ ತ್ರಾಸ ತಗಾಬ್ಯಾಡ್ರಿ. ಹಡಗಲಿ ಪುರವಂತ ಯರ್ರಿಸ್ವಾಮಿಗೆ ಹೇಳಿಟ್ಟೀನಿ. ಅವರದು ಪೂರಾ ಹಲ್ಲಿನ ಸೆಟ್ಟು ಐತ್ರಿ, ಬಾಯಿ ತೆಗದ್ರ ಟ್ಯೂಬ್‌ಲೈಟ್ ಹತ್ತಿದಂಗ ಆಕ್ಕತಿ" ಎಂದ. ಏಕಾಂತಪ್ಪ ಅಂದು ಯಾರದೋ ಅಂಗಿಗೆ ಮೂರು ತೋಳು ಹೊಲಿದ.

ಗಿರಣಿಯಲ್ಲಿ ಸಭೆ ಸೇರಿತು. ಜೋಳ ಬೀಸಿಸಲು ಬಂದವರೆಲ್ಲ ಸದಸ್ಯರು, ಗಿರಣಿ ನನ್ನದಾದ್ದರಿಂದ ಅಧ್ಯಕ್ಷ ನಾನು. ಹಲ್ಲಿನ ವಿಷಯದಲ್ಲಿ ಆಗ ನನಗಿದ್ದ ತಿಳಿವಳಿಕೆ ಬಹಳ ಸ್ಪಷ್ಟವಾದದ್ದು: ಹಲ್ಲಿನ ಡಾಕ್ಟರೆಂದರೆ ಹಲ್ಲು ಕೀಳುವವನು. ಮೂವತ್ತೆರಡು ಕೀಳುತ್ತಾನೆ, ಒಂದು ಸೆಟ್ಟು ಕೊಡುತ್ತಾನೆ, ಅಲ್ಲಿಗೆ ವ್ಯವಹಾರ ಮುಗಿಯಿತು.

"ಉಳಿದ ಮೂವತ್ತೊಂದೂ ಒಂದ ಸಲಕ್ಕ ಕೀಳಿಸಿಬಿಡು," ಎಂದು ತೀರ್ಪು ಕೊಟ್ಟೆ. "ಯರ್ರಿಸ್ವಾಮಿಗಿಂತ ಒಂದು ನಂಬರ್ ದೊಡ್ಡ ಸೆಟ್ಟು ಹಾಕಿಸೋಣ."

ಏಕಾಂತಪ್ಪನ ಹೆಂಡತಿ ಎರ್ರಮ್ಮ ಮಾತ್ರ ಬಾಗಿಲಲ್ಲಿ ನಿಂತು, "ಪಾಲಾಕ್ಷಣ್ಣ, ಗಟ್ಟಿ ಇದ್ದ ಹಲ್ಲನ್ನೂ ಯಾಕ ಕೀಳಿಸ್ತೀರಿ?" ಎಂದಳು. ಆಗ ಗಿರಣಿಯ ಶಬ್ದ ಜೋರಿತ್ತು. ಕೇಳಿಸಲಿಲ್ಲ ಎಂದು ಮುಖ ಮಾಡಿದೆ.

ಮುಂದಿನ ಸೋಮವಾರ ಇಬ್ಬರೂ ದಾವಣಗೆರೆ ಬಸ್ಸು ಹತ್ತಿದೆವು. ಅಲ್ಲಿ ಹಲ್ಲಿಗೇ ಒಂದು ಕಾಲೇಜು, ಅದಕ್ಕೊಂದು ದೊಡ್ಡ ಆಸ್ಪತ್ರೆ. ಒಳಗೆ ಹೋಗಿ ನೋಡುತ್ತೇನೆ, ನಮ್ಮ ತಾಲ್ಲೂಕು ಕಚೇರಿಗಿಂತ ಹೆಚ್ಚು ಬಾಗಿಲುಗಳು! ಒಂದರ ಮೇಲೆ ಒಸಡಿನ ವಿಭಾಗ. ಒಂದರ ಮೇಲೆ ಬೇರು ಚಿಕಿತ್ಸೆ. ಒಂದರಲ್ಲಿ ಸಣ್ಣ ಮಕ್ಕಳ ಹಲ್ಲು, ಒಂದರಲ್ಲಿ ವಕ್ರದಂತಕ್ಕೆ ತಂತಿ ಕಟ್ಟುವುದು, ಇನ್ನೊಂದರಲ್ಲಿ ಕೃತಕ ದಂತ. ಇರುವುದೊಂದು ಬಾಯಿ, ಅದಕ್ಕೆ ಇಷ್ಟು ಇಲಾಖೆಗಳೇ ಎಂದು ನನಗೆ ಅನುಮಾನ ಹುಟ್ಟಿತು. ಮೊದಲ ಕೋಣೆಯಲ್ಲಿ ಒಬ್ಬ ಹುಡುಗಿ ಡಾಕ್ಟರು ಏಕಾಂತಪ್ಪನ ಬಾಯಲ್ಲಿ ಕನ್ನಡಿ ಇಟ್ಟು ಹದಿನೈದು ನಿಮಿಷ ನೋಡಿ, ಕಾಗದದಲ್ಲಿ ಮೂರು ವಿಭಾಗದ ಹೆಸರು ಬರೆದಳು. ಕೀಳುವ ವಿಭಾಗದ ಹೆಸರೇ ಇರಲಿಲ್ಲ.

"ತಂಗಿ, ಕೀಳಾವ್ರು ಎಲ್ಲಿ ಕುಂದ್ರತಾರ?" ಎಂದೆ.

"ನಿಮಗೆ ಅಲ್ಲಿ ಕೆಲಸ ಇಲ್ಲ ಯಜಮಾನ್ರೇ."

ಕಚೇರಿ ಕಂಡವರಿಗೆ ಈ ಮಾತಿನ ಅರ್ಥ ಗೊತ್ತು. ಕೆಲಸ ಇಲ್ಲ ಎಂದರೆ ಕೆಲಸ ಅಲ್ಲಿಯೇ ಇದೆ ಎಂದು. ಹುಡುಕಿಕೊಂಡು ಶಸ್ತ್ರಚಿಕಿತ್ಸೆಯ ವಿಭಾಗಕ್ಕೆ ನುಗ್ಗಿದೆವು. ಅಲ್ಲಿದ್ದವರು ಎತ್ತರದ ಆಳು, ತೋಳು ನೋಡಿದರೆ ಹಲ್ಲೇನು, ಬೇವಿನ ಮರವನ್ನೂ ಕೀಳಬಲ್ಲವರು. ಬಾಯಿ ನೋಡಿದರು. ಬಗ್ಗಿ ಮತ್ತೊಮ್ಮೆ ನೋಡಿದರು.

"ಕೀಳಬೇಕಾಗಿದ್ದು ತಾನೇ ಬಿದ್ದು ಹೋಗಿದೆ. ಉಳಿದವು ಉಳಿಯೋ ಹಲ್ಲು. ನಾನು ಕೀಳಲ್ಲ."

"ಸಾಹೇಬ್ರ, ಎಲ್ಲಾ ಕೀಳಿಸಾಕಂತನ ಕೊಟ್ಟೂರಿನಿಂದ ಬಂದೀವ್ರಿ."

"ಎಲ್ಲಿಂದ ಬಂದ್ರೂ ಕೀಳಲ್ಲ. ಒಸಡಿನ ವಿಭಾಗಕ್ಕೆ ಹೋಗಿ."

ನಾವು ಒಸಡಿನ ವಿಭಾಗಕ್ಕೆ ಹೋಗಲಿಲ್ಲ, ಬಸ್ ಸ್ಟ್ಯಾಂಡಿಗೆ ಹೋದೆವು. ದಾರಿಯುದ್ದಕ್ಕೂ ನಾನು ಏಕಾಂತಪ್ಪನಿಗೆ ಲೋಕದ ರೀತಿ ವಿವರಿಸಿದೆ. ದೊಡ್ಡ ಜಾಗದಲ್ಲಿ ಒಂದೇ ಮಾತಿಗೆ ಆಗುವುದಿಲ್ಲ ಎನ್ನುತ್ತಾರೆ. ಮೇಲಿನಿಂದ ಮಾತು ಬಂದರೆ ಅದೇ ಕೆಲಸ ಆಗುತ್ತದೆ. ರೇಷನ್ ಕಾರ್ಡು ಹಾಗೆಯೇ ಆದದ್ದು, ನನ್ನ ಗಿರಣಿಯ ಕರೆಂಟು ಹಾಗೆಯೇ ಬಂದದ್ದು. ಹಲ್ಲಿಗೆ ಬೇರೆ ಕಾನೂನು ಇರುತ್ತದೆಯೇ?

ಮೇಲಿನ ಮಾತೆಂದರೆ ನಮಗೆ ಕರಿಸಿದ್ದಪ್ಪ. ತಾಲ್ಲೂಕು ಪಂಚಾಯಿತಿಯ ಮಾಜಿ ಉಪಾಧ್ಯಕ್ಷ. ಅಧಿಕಾರ ಹೋಗಿ ಎರಡು ವರ್ಷವಾದರೂ ಲೆಟರ್‌ಹೆಡ್ಡು ಉಳಿದಿತ್ತು, ರಬ್ಬರ್ ಸ್ಟಾಂಪಿನಲ್ಲಿ 'ಮಾಜಿ' ಎಂಬ ಅಕ್ಷರಗಳು ಮಾತ್ರ ಅದೇಕೋ ಮೂಡುತ್ತಿರಲಿಲ್ಲ. ಅವರಿಗೆ ಬರುತ್ತಿದ್ದುದು ಒಂದೇ ಒಕ್ಕಣೆ, ಅದು ಒತ್ತುವರಿ ಜಾಗದ್ದು. ಅದರಲ್ಲೇ ಬರೆದುಕೊಟ್ಟರು:

"ಸದರಿ ಏಕಾಂತಪ್ಪ ಇವರು ನಮ್ಮ ಕಡೆಯವರಿದ್ದು, ನಿಷ್ಠಾವಂತ ಕಾರ್ಯಕರ್ತರಿರುತ್ತಾರೆ. ಇವರ ಬಾಯಲ್ಲಿ ಬಹುದಿನಗಳಿಂದ ವಾಸವಿರುವ ಮೂವತ್ತೊಂದು ಹಲ್ಲುಗಳನ್ನು ಕೂಡಲೇ ತೆರವುಗೊಳಿಸಿ, ಸದರಿ ಜಾಗವನ್ನು ಖುಲ್ಲಾ ಮಾಡಿಕೊಡಬೇಕಾಗಿ ಕೋರಿದೆ."

ಓದಿ ನನಗೆ ಮೈ ಝುಂ ಎಂದಿತು. ಏಕಾಂತಪ್ಪನಿಗೂ ಎಂದಿರಬೇಕು, ದವಡೆ ಹಿಡಿದುಕೊಂಡ.

ಮತ್ತೆ ದಾವಣಗೆರೆಗೆ ಹೋದೆವು. ಎತ್ತರದ ಡಾಕ್ಟರು ಪತ್ರವನ್ನು ಎರಡು ಸಲ ಓದಿದರು. ಹಿಂದೆ ಏನಾದರೂ ಬರೆದಿದೆಯೋ ಎಂದು ತಿರುಗಿಸಿ ನೋಡಿದರು. ಆಮೇಲೆ ಹೊರಗೆ ಹೋದರು. ಪಕ್ಕದ ಕೋಣೆಯಿಂದ ಐದಾರು ಮಂದಿ ಒಟ್ಟಿಗೆ ನಗುವುದು ಕೇಳಿಸಿತು. ಕೆಲಸ ಆಗುವ ಲಕ್ಷಣ ಎಂದು ನಾನು ಏಕಾಂತಪ್ಪನ ಬೆನ್ನು ತಟ್ಟಿದೆ.

ಅವರು ಕಣ್ಣೊರೆಸಿಕೊಂಡು ಬಂದು, ತಾವೇ ಏಕಾಂತಪ್ಪನ ಕೈಹಿಡಿದು ಒಸಡಿನ ವಿಭಾಗಕ್ಕೆ ಕರೆದೊಯ್ದು ಕೂಡಿಸಿದರು. "ಪತ್ರಕ್ಕೆ ಇಷ್ಟು ಮರ್ಯಾದೆ ಕೊಟ್ಟಿದ್ದೀನಿ. ಕೀಳಲ್ಲ ಅನ್ನೋದರಲ್ಲಿ ಬದಲಾವಣೆ ಇಲ್ಲ," ಎಂದರು. ಒಸಡಿನವರು ಒಂದು ತಾಸು ಕೆರೆದು, ತೊಳೆದು, ಐವತ್ತೆರಡು ವರ್ಷದ ಎಲೆ ಅಡಿಕೆಯನ್ನು ಹೊರಗೆ ತೆಗೆದರು. ಮತ್ತೆ ಎರಡು ವಾರಕ್ಕೆ ಬನ್ನಿ ಎಂದರು.

ಕೊಟ್ಟೂರಿನಲ್ಲಿ ಇಳಿಯುತ್ತಲೇ ಜನ ಸುತ್ತಿಕೊಂಡರು.

"ಕಿತ್ರಾ?"

"ಇಲ್ರಿ. ತೊಳದು ಕಳಿಸ್ಯಾರ."

ತೊಳೆದು ಕಳಿಸಿದ್ದಾರೆ! ಈ ಮಾತು ಪೇಟೆಯಲ್ಲಿ ಹಬ್ಬಿದ ಪರಿಯನ್ನು ಏನು ಹೇಳಲಿ? ಸಂಜೆಯೊಳಗೆ ಅದು ಕರಿಸಿದ್ದಪ್ಪನವರ ಪತ್ರವನ್ನೇ ಆಸ್ಪತ್ರೆಯವರು ತೊಳೆದು ಕಳಿಸಿದರು ಎಂದಾಗಿತ್ತು. ಕರಿಸಿದ್ದಪ್ಪ ಧಗಧಗ ಉರಿಯುತ್ತ ಗಿರಣಿಗೆ ಬಂದರು.

"ನನ್ನ ಪತ್ರಕ್ಕ ಡಿಸಿ ಆಫೀಸಿನಾಗ ಕುರ್ಚಿ ಕೊಡ್ತಾರ! ಇವನ ಮೂವತ್ತೊಂದು ಹಲ್ಲು ಕೀಳಿಸಲಿಲ್ಲ ಅಂದ್ರ ನಾ ಕರಿಸಿದ್ದಪ್ಪನ ಅಲ್ಲ! ನಡೀರಿ, ನಾನ ಬರ್ತೀನಿ."

"ಯಜಮಾನ್ರ, ಈಗ ಒಸಡಿನ ರಕ್ತ ನಿಂತೈತ್ರಿ, ಸ್ವಲ್ಪ ಆರಾಮ ಅನಸ್ತೈತಿ…" ಎಂದು ಏಕಾಂತಪ್ಪ ಗೊಣಗಿದ.

"ನೀ ಸುಮ್ನಿರಪ. ಇದು ನಿನ್ನ ಹಲ್ಲಿನ ಪ್ರಶ್ನೆ ಅಲ್ಲ."

ಎರಡು ವಾರದ ಮೇಲೆ ಟೆಂಪೋ ಹೊರಟಿತು. ಕರಿಸಿದ್ದಪ್ಪ, ನಾನು, ಓಣಿಯ ಏಳೆಂಟು ಮಂದಿ, ಹರಪನಹಳ್ಳಿಯಲ್ಲಿ ಹತ್ತಿದ ಬೀಗ ಚೌಡಣ್ಣ, ಎಲ್ಲರ ನಡುವೆ ಏಕಾಂತಪ್ಪ. ತಲೆ ಕೆಳಗೆ ಹಾಕಿಕೊಂಡು ಅವನು ಒಂದೇ ಮಾತು ಹೇಳಿದ: "ಪಾಲಾಕ್ಷ, ಒಡಪು ಹೇಳಾಕ ಆದ್ರ ಸಾಕಪ. ನನಗ ಗೀತಾನ ಮುಂದ ಯರ್ರಿಸ್ವಾಮಿ ನಿಂದ್ರೋದು ನೋಡಾಕ ಆಗಂಗಿಲ್ಲ." ಹಲ್ಲು ಇರಲಿ ಬಿಡು ಎನ್ನಬೇಕೆನಿಸಿತು. ಆದರೂ ಪುಢಾರಿಗಳ ಪಕ್ಕದಲ್ಲಿ ಕೂತವನು ಮನಸ್ಸಿನ ಮಾತು ಕೇಳುವುದಿಲ್ಲ.

ಆಸ್ಪತ್ರೆಯಲ್ಲಿ ಕರಿಸಿದ್ದಪ್ಪ ದೊಡ್ಡವರನ್ನು ಕರೆಯಿರಿ ಎಂದು ಗುಡುಗಿದರು. ಬಂದವರು ಡಾಕ್ಟರ್ ಪುಷ್ಪಲತಾ, ಹಲ್ಲು ಕಟ್ಟುವ ವಿಭಾಗದ ಮುಖ್ಯಸ್ಥರು. ಸೆಟ್ಟು ಮಾಡುವವರು ಎಂದರೆ ಅವರೇ. ನಡುವಯಸ್ಸು, ಕನ್ನಡಕ, ಗುಡುಗಿಗೆ ಬೆದರುವ ಮುಖವಲ್ಲ. ಕರಿಸಿದ್ದಪ್ಪ ಬಡವರು, ಅನ್ಯಾಯ, ಹೋರಾಟ ಎಂಬ ಮೂರು ಶಬ್ದಗಳಲ್ಲಿ ಹತ್ತು ನಿಮಿಷ ಭಾಷಣ ಮಾಡಿದರು. ಆಕೆ ಪೂರ್ತಿ ಕೇಳಿದರು. ಕೇಳಿ, ಏಕಾಂತಪ್ಪನ ಕಡೆ ತಿರುಗಿದರು.

"ಯಜಮಾನ್ರೇ, ನಿಮ್ಮನ್ನ ಯಾರೂ ಕೇಳಿಲ್ಲ ಅನ್ಸುತ್ತೆ. ನಿಮಗೆ ಎಲ್ಲಾ ಹಲ್ಲು ಯಾಕೆ ಕೀಳಿಸಬೇಕು?"

ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಒಡಪು ಹೇಳಬೇಕ್ರಿ, ತಾಯಿ. ಮಗಳ ಲಗ್ನ."

"ಎಲ್ಲಿ, ಹೇಳಿ ನೋಡೋಣ."

ಏಕಾಂತಪ್ಪ ನನ್ನ ಮುಖ ನೋಡಿದ. ನಾನು ಬೆಂಚಿನ ಮೇಲೆ ಬೆರಳಿನಿಂದ ತಾಳ ಹಿಡಿದೆ. ಅವನು ಎದ್ದು ನಿಂತು ಧ್ವನಿ ತೆಗೆದ. ಸೀಟಿ ಹೊಡೆದರೂ ಧ್ವನಿ ಧ್ವನಿಯೇ. ಕನ್ನಡಿ ಹಿಡಿದ ಹುಡುಗಿ ಡಾಕ್ಟರುಗಳು ಓಡಿ ಬಂದರು. ಬಾಯಿ ತೆರೆದು ಕೂತಿದ್ದ ರೋಗಿಗಳು ಹಾಗೇ ತೆರೆದುಕೊಂಡು ಬಂದರು. ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಒಬ್ಬ ಕಾಲೇಜು ಹುಡುಗಿ ಚಪ್ಪಾಳೆ ತಟ್ಟಿದಳು. ಡಾಕ್ಟರ್ ಪುಷ್ಪಲತಾ ಮಾತ್ರ ಬಾಯಿಯ ಹತ್ತಿರ ಬಗ್ಗಿ, ನಾಲಿಗೆ ಎಲ್ಲೆಲ್ಲಿ ತಾಕುತ್ತದೆ ಎಂದು ನೋಡುತ್ತಿದ್ದರು.

"ಪೂರಾ ಸೆಟ್ಟು ಹಾಕಿಕೊಂಡು ಇಷ್ಟು ಜೋರಾಗಿ ಕೂಗಿದರೆ ಸೆಟ್ಟೇ ಸಡಿಲ ಆಗಬಹುದು. ನಾಲಿಗೆಗೆ ಹೊಸ ಸೆಟ್ಟು ಒಗ್ಗೋಕೂ ದಿನ ಬೇಕು. ಸೆಟ್ಟು ಮಾಡೋಳು ನಾನೇ ಹೇಳ್ತಿದ್ದೀನಿ, ಬೇಡ. ಸ್ವಂತ ಹಲ್ಲು ಇರಲಿ."

ಚೌಡಣ್ಣ ಮೆಲ್ಲಗೆ ಬಾಯಿಬಿಟ್ಟ: "ಹೌದ್ರಿ ಮೇಡಂ. ಯರ್ರಿಸ್ವಾಮಿ ಒಡಪು ಹೇಳಾವಾಗ ಸೆಟ್ಟು ತೆಗದು ಜೇಬಿನಾಗ ಇಟಗಂತಾನ್ರಿ."

ಇದನ್ನು ಆ ಪುಣ್ಯಾತ್ಮ ಫೋನಿನಲ್ಲಿ ಹೇಳಿರಲಿಲ್ಲ.

"ಹಂಗಾದ್ರ ನನ್ನ ಹಲ್ಲಿಗೆ ಯಾಕ್ರಿ ಅಷ್ಟು ಮಂದಿ ಡಾಕ್ಟ್ರು?" ಎಂದ ಏಕಾಂತಪ್ಪ. "ಒಬ್ಬರು ಮಾಡಿದ್ರ ಆಗಂಗಿಲ್ಲೇನ್ರಿ?"

"ನಿಮ್ಮ ಗುಗ್ಗುಳದಲ್ಲಿ ಎಷ್ಟು ಜನ ಇರ್ತೀರಿ?"

"ಒಡಪಿಗೆ ನಾನು. ಸಮಾಳಕ್ಕ ಇವನು. ಕೊಡಾ ಹೊರಾಕ ಒಬ್ಬವ, ನಂದಿಕೋಲಿಗೆ ಒಬ್ಬವ."

"ಇವರ ಕೈಗೆ ಕತ್ತಿ ಕೊಟ್ಟು ನೀವೇ ಕುಣೀರಿ ಅಂದ್ರೆ?"

ಏಕಾಂತಪ್ಪ ನನ್ನ ಹೊಟ್ಟೆಯನ್ನು ನೋಡಿ, "ಮಂದಿ ಸಾಯ್ತಾರ್ರಿ," ಎಂದ.

"ಇಲ್ಲೂ ಹಾಗೇ. ಒಸಡಿನವರು ಅಳ್ಳಾಡೋ ಹಲ್ಲಿನ ಬುಡ ಗಟ್ಟಿ ಮಾಡ್ತಾರೆ. ಬೇರಿನವರು ದವಡೆ ಹಲ್ಲಿನ ಒಳಗಿನ ಕೊಳೆ ತೆಗೆದು ತುಂಬುತ್ತಾರೆ, ಹಲ್ಲು ಉಳಿಯುತ್ತೆ, ನೋವು ಹೋಗುತ್ತೆ. ನಾನು ಬಿದ್ದ ಹಲ್ಲಿನ ಜಾಗದಲ್ಲಿ ಅಕ್ಕಪಕ್ಕದ ಹಲ್ಲಿನ ಆಧಾರದ ಮೇಲೆ ಒಂದು ಕಟ್ಟಿ ಕೊಡ್ತೀನಿ. ಯಾವುದೂ ಉಳಿಯಲ್ಲ ಅಂದಾಗ ಕೀಳೋಕೆ ಅವರಿದ್ದಾರೆ. ಕೀಳೋದು ಗೊತ್ತಿರೋರಿಗೇ ಯಾವಾಗ ಕೀಳಬಾರದು ಅನ್ನೋದೂ ಗೊತ್ತಿರುತ್ತೆ."

ಎತ್ತರದ ಡಾಕ್ಟರು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಕರಿಸಿದ್ದಪ್ಪ ಜೇಬಿನಿಂದ ಲೆಟರ್‌ಹೆಡ್ಡು ತೆಗೆದು, "ಹಂಗಾದ್ರ ಕೀಳಬಾರದು ಅಂತ ಒಂದು ಪತ್ರ ಬರದು ಕೊಡ್ಲೇನ್ರಿ?" ಎಂದರು. ಡಾಕ್ಟರು ಬೇಡವೆಂದರು. ಕರಿಸಿದ್ದಪ್ಪನವರ ಮುಖ ಬಾಡಿದ್ದು ಕಂಡು ಪುಷ್ಪಲತಾ ಮೇಡಂ ಚಹಾ ತರಿಸಿದರು. ದೊಡ್ಡ ಮನಸ್ಸಿನ ಹೆಣ್ಣುಮಗಳು.

ಎಲ್ಲ ಸುಖಾಂತವಾಯಿತು ಎನ್ನುವಷ್ಟರಲ್ಲಿ ಬೇರಿನ ವಿಭಾಗದವರು ಸೂಜಿ ತೆಗೆದರು.

ಓದುಗರಿಗೆ ಒಂದು ಸಂಗತಿ ಹೇಳಬೇಕು. ಏಕಾಂತಪ್ಪ ವರ್ಷಕ್ಕೆ ನಾಲ್ಕೈದು ಸಲ ಗುಗ್ಗುಳದಲ್ಲಿ ಶಸ್ತ್ರ ಹಾಕಿಸಿಕೊಳ್ಳುವವನು. ಶಸ್ತ್ರವೆಂದರೆ ಗೇಣುದ್ದದ ಕಬ್ಬಿಣದ ಸಲಾಕೆ. ಈ ಕೆನ್ನೆಯಿಂದ ಆ ಕೆನ್ನೆಗೆ ದಾಟುತ್ತದೆ, ಅವನು ಹುಬ್ಬು ಕೂಡ ಅಲುಗಿಸುವುದಿಲ್ಲ. ಅಂಥವನು ಬೆರಳುದ್ದದ ಸೂಜಿ ಕಂಡು ಕುರ್ಚಿಯಿಂದ ಹಾರಿದ. ಕೊರಳಿಗೆ ಕಟ್ಟಿದ್ದ ಹಸಿರು ಬಟ್ಟೆಯ ಸಮೇತ ಮೆಟ್ಟಿಲಿಳಿದು ಗೇಟಿನ ಹತ್ತಿರ ಹೋಗಿ ನಿಂತ. ನಾನು ಏದುಸಿರು ಬಿಡುತ್ತ ಹಿಂದೆ ಓಡಿದೆ.

"ಲೇ, ಕೆನ್ನಿಗೆ ಸಲಾಕಿ ಹಾಕಿಸಿಗೊಳ್ಳಾವ, ಇದಕ್ಕ ಹೆದರತಿಯೇನಲೇ!"

"ಅಲ್ಲಿ ನಾ ಇರಂಗಿಲ್ಲಲೇ ಪಾಲಾಕ್ಷ," ಎಂದ. "ಸಮಾಳದ ಪೆಟ್ಟಿಗೆ ವೀರಭದ್ರಯ್ಯ ಮೈಮ್ಯಾಲ ಬಂದಿರ್ತಾನ. ಇಲ್ಲಿ ನಾ ಒಬ್ಬನ ಅದೀನಿ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮೇಲೆ ಹೋಗಿ ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಗುತ್ತಾರೆಂದುಕೊಂಡೆ, ಯಾರೂ ನಗಲಿಲ್ಲ. ಪುಷ್ಪಲತಾ ಮೇಡಂ, "ಮುಂದಿನ ವಾರ ಸಮಾಳ ತಗೊಂಡು ಬನ್ನಿ," ಎಂದರು.

ತಮಾಷೆ ಅಲ್ಲ, ತೆಗೆದುಕೊಂಡು ಹೋದೆ. ಗೇಟಿನ ವಾಚ್‌ಮನ್ ತಡೆದು, ಇದು ಯಾವ ವಿಭಾಗಕ್ಕೆ ಎಂದು ಕೇಳಿದ. ಬೇರಿನ ವಿಭಾಗಕ್ಕೆ ಎಂದೆ. ಏಕಾಂತಪ್ಪ ಕುರ್ಚಿಯಲ್ಲಿ ಒರಗಿದ. ನಾನು ಪಕ್ಕದಲ್ಲಿ ನಿಂತು ಮೆಲ್ಲಗೆ ಶುರು ಮಾಡಿದೆ. ಪೆಟ್ಟು ಬಿರುಸಾಯಿತು, ಅವನ ಕಣ್ಣು ಮುಚ್ಚಿತು, ಭುಜ ಸಡಿಲಾಯಿತು. ನಾನು ತಲೆಯಾಡಿಸಿ ಸನ್ನೆ ಮಾಡಿದೆ. ಸೂಜಿ ಹಿಡಿದ ಯುವ ಡಾಕ್ಟರು ಪೆಟ್ಟಿಗೆ ಸರಿಯಾಗಿ ಸೂಜಿ ಇಳಿಸಿದರು, ಹುಟ್ಟಾ ಪುರವಂತರ ಮನೆಯವರ ಹಾಗೆ. ಪಕ್ಕದ ಕುರ್ಚಿಯ ಒಬ್ಬ ಅಜ್ಜ ಬಾಯಲ್ಲಿ ಹತ್ತಿ ಇಟ್ಟುಕೊಂಡೇ "ಹರಹರ ಮಹಾದೇವ" ಎಂದ.

"ಆಯ್ತಾ?" ಎಂದ ಏಕಾಂತಪ್ಪ ಕಣ್ಣು ಬಿಟ್ಟು.

"ಆಯ್ತು."

"ಇಷ್ಟನ?"

ಅಲ್ಲಿಂದ ಮೂರು ತಿಂಗಳು ಪ್ರತಿ ಸೋಮವಾರ ಹೋಗಿಬಂದೆವು. ದವಡೆ ಹಲ್ಲಿನ ನೋವು ಹೋಯಿತು. ಅಳ್ಳಾಡುತ್ತಿದ್ದವನ್ನು ಒಳಗಿನಿಂದ ಸಣ್ಣ ತಂತಿಯಲ್ಲಿ ಒಂದಕ್ಕೊಂದು ಕಟ್ಟಿದರು, ಅವು ನಿಂತವು. ಕೊನೆಗೆ ಪುಷ್ಪಲತಾ ಮೇಡಂ ಹೊಸ ಹಲ್ಲು ಕಟ್ಟಿ, ಪ್ರತಿಯೊಂದು ಅಕ್ಷರ ಹೇಳಿಸಿ, ಎಲ್ಲಿ ಗಾಳಿ ನುಸುಳಿತೋ ಅಲ್ಲಿ ಮತ್ತೆ ಮತ್ತೆ ತಿದ್ದಿದರು. ಬಣ್ಣವನ್ನೂ ಅವನ ಹಳೆಯ ಹಲ್ಲಿಗೆ ಹೊಂದಿಸಿದ್ದರು, ಅಂದರೆ ಎಲೆ ಅಡಿಕೆಯ ಛಾಯೆ ಸೇರಿಸಿ. ನನ್ನ ಹೆಂಡತಿ ನೋಡಿ ಯಾವುದು ಹೊಸದೆಂದು ಹುಡುಕಿ ಸೋತಳು.

ಹರಪನಹಳ್ಳಿಯಲ್ಲಿ ಮದುವೆ. ಆಸ್ಪತ್ರೆಗೆ ಹೋಗಿ ಎಲ್ಲ ವಿಭಾಗಕ್ಕೂ ಬೇರೆಬೇರೆ ಲಗ್ನಪತ್ರಿಕೆ ಕೊಟ್ಟಿದ್ದೆವು. ಬರುತ್ತಾರೆಂದು ನಂಬಿರಲಿಲ್ಲ, ಒಂದು ವ್ಯಾನು ತುಂಬ ಬಂದರು. ಗುಗ್ಗುಳ ಹೊರಟಿತು. ಏಕಾಂತಪ್ಪ ಬೀದಿಯ ನಡುವೆ ನಿಂತು ಬಾಯಿ ತೆರೆದ. ನಾನು ಸಮಾಳದ ಪೆಟ್ಟು ತಗ್ಗಿಸಿದೆ. ಬಾಸಿಂಗ ಕಟ್ಟಿಕೊಂಡ ಗೀತಾಂಜಲಿ ಎರಡೂ ಕೈ ಮುಷ್ಟಿ ಮಾಡಿಕೊಂಡು ಅಪ್ಪನ ತುಟಿಯನ್ನೇ ನೋಡುತ್ತಿದ್ದಳು.

ಒಂದೊಂದು ಅಕ್ಷರ ತೊಳೆದಿಟ್ಟ ಹಾಗೆ ಬಂತು. ಸಕಾರ ಸಕಾರವಾಗಿ ಬಂತು. ಮಾಳಿಗೆಯ ಮೇಲೆ ನಿಂತವರಿಗೂ ಕೇಳಿಸಿತು. ದಕ್ಷನ ತಲೆ ಹೋಯಿತು, ಹಲ್ಲು ಒಂದೂ ಹೋಗಲಿಲ್ಲ. ಗೀತಾಂಜಲಿ ಅಳುತ್ತಿದ್ದಳು, ಎರ್ರಮ್ಮ ಅಳುತ್ತಿದ್ದಳು, ಚೌಡಣ್ಣ ಯಾರಿಗೆ ಬೇಕಾದರೂ ಹೇಳುತ್ತಿದ್ದ, "ನಮ್ಮ ಬೀಗರ್ರಿ! ನಮ್ಮ ಬೀಗರು!"

ಒಡಪು ಮುಗಿದ ಮೇಲೆ ಪುರವಂತ ಗುರುಹಿರಿಯರಿಗೆ ಶರಣು ಹೇಳಬೇಕು. ಏಕಾಂತಪ್ಪ ಗುರುವಿಗೆ ಹೇಳಿದ, ಲಿಂಗಕ್ಕೆ ಹೇಳಿದ, ಜಂಗಮಕ್ಕೆ ಹೇಳಿದ. ಅಲ್ಲಿಗೆ ನಿಲ್ಲಿಸಲಿಲ್ಲ. ಕತ್ತಿ ಎತ್ತಿ ಅದೇ ಧ್ವನಿಯಲ್ಲಿ, "ಒಸಡು ಗಟ್ಟಿ ಮಾಡಿದವರಿಗೆ ಶರಣು! ಬೇರಿನ ಬೇನೆ ಕಳೆದವರಿಗೆ ಶರಣು! ಬಿದ್ದಲ್ಲಿ ಕಟ್ಟಿಕೊಟ್ಟ ತಾಯಿಗೆ ಶರಣು!" ಎಂದ. ನನ್ನ ಪಕ್ಕದಲ್ಲಿದ್ದ ಒಬ್ಬ ಮುದುಕಿ, ಈ ಶರಣರೆಲ್ಲ ಯಾವ ಕಾಲದವರಪ್ಪ ಎಂದು ಕೇಳಿದಳು. ಹೊಸ ಕಾಲದವರು ಎಂದೆ.

ಕೊನೆಗೆ ಅವನು ಕತ್ತಿಯನ್ನು ನನ್ನ ಕೈಗೆ ಕೊಟ್ಟು, ಜನರನ್ನು ಸರಿಸಿಕೊಂಡು, ಹಿಂದೆ ನಿಂತಿದ್ದ ಎತ್ತರದ ಡಾಕ್ಟರ ಮುಂದೆ ಹೋಗಿ ಬಗ್ಗಿ ಕಾಲು ಮುಟ್ಟಿದ. ಅವರು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ ಏಳಿ ಯಜಮಾನ್ರೇ! ಮಾಡಿದ್ದೆಲ್ಲ ಅವರು. ನಾನು ಏನೂ ಮಾಡ್ಲಿಲ್ಲ!"

"ಅದಕ್ಕರೀ ಸಾಹೇಬ್ರ," ಎಂದ ಏಕಾಂತಪ್ಪ, ಅವರ ಎರಡೂ ಕೈ ಹಿಡಿದುಕೊಂಡು ಅಳುತ್ತ. "ಅದಕ್ಕ."